ಮನೆಯ ಪಕ್ಕದಲ್ಲೇ ಹ್ಯಾಂಗರ್

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಏರ್‌ಪಾರ್ಕ್ ಎಂಬ ಬಡಾವಣೆಗಳಿವೆ. ನಮ್ಮ ಮನೆಗಳಿಗೆ ಕಾರ್ ಶೆಡ್ ಇದ್ದಂತೆ ಅಲ್ಲಿನ ಮನೆಗಳಿಗೆ ವಿಮಾನದ ಹ್ಯಾಂಗರ್ ಇರುತ್ತದೆ. ಬಾಗಿಲು ತೆರೆದು, ಬೀದಿಯಲ್ಲೇ ಸಾಗಿ ರನ್‌ವೇ ಸೇರಬಹುದು. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ 1946ರಲ್ಲಿ ಶುರುವಾದ ಸಿಯೆರಾ ಸ್ಕೈ ಪಾರ್ಕ್ ಇಂಥವುಗಳಲ್ಲಿ ಮೊದಲನೆಯದೆಂದು ಹೆಸರಾಗಿದೆ. ಸ್ಯಾಕ್ರಮೆಂಟೊ ಹತ್ತಿರದ ಕ್ಯಾಮೆರಾನ್ ಪಾರ್ಕ್‌ನಲ್ಲಿ ಬೀದಿಗಳು 100 ಅಡಿ ಅಗಲ. ರೆಕ್ಕೆಗೆ ತಾಗಬಾರದೆಂದು ಅಂಚೆಪೆಟ್ಟಿಗೆ, ರಸ್ತೆ ಫಲಕಗಳನ್ನೂ ಗಿಡ್ಡವಾಗಿ ನೆಟ್ಟಿದ್ದಾರೆ. ಕಾರಿಗೆ ವಿಮಾನ ಎದುರಾದರೆ ದಾರಿ ಬಿಡಬೇಕಾದ್ದು ಕಾರು.

ಮನೆ ನೋಡಲು ಹೋದವರ ಕಣ್ಣು ರನ್‌ವೇ ಮೇಲಿರುತ್ತದೆ. ಟೇಪು ಹಿಡಿಯಬೇಕಾದ್ದು ಮಾತ್ರ ಹ್ಯಾಂಗರ್ ಬಾಗಿಲಿಗೆ. ನಾಲ್ಕು ಸೀಟಿನ ಸೆಸ್ನಾ 172 ವಿಮಾನದ ರೆಕ್ಕೆ ತುದಿಯಿಂದ ತುದಿಗೆ 36 ಅಡಿ, ಬಾಲದ ಎತ್ತರ ಸುಮಾರು 9 ಅಡಿ. ಬಾಗಿಲು 40 ಅಡಿ ಇದ್ದರೆ ಒಂದೊಂದು ಬದಿಗೆ ಉಳಿಯುವುದು ಎರಡೇ ಅಡಿ. ಮಧ್ಯದಲ್ಲಿ ಮಡಚಿ ಮೇಲೇರುವ ಬಾಗಿಲಾದರೆ, ಮಡಚಿದ ಭಾಗ ಕೆಳಗೆ ಜೋತು ಅಷ್ಟು ಎತ್ತರವನ್ನು ತಿನ್ನುತ್ತದೆ. ಹಾಗಾಗಿ ಚೌಕಟ್ಟನ್ನು ಅಳೆದರೆ ಸಾಲದು, ಬಾಗಿಲನ್ನು ಪೂರ್ತಿ ತೆರೆಸಿ ಅಳೆಯಬೇಕು. ಒಂದೇ ಹಲಗೆಯ ಹೈಡ್ರಾಲಿಕ್ ಬಾಗಿಲು ಎತ್ತರ ಉಳಿಸುತ್ತದೆ; ಆದರೆ ಅದು ಹೊರಕ್ಕೆ ಬೀಸಿ ಏಳುವುದರಿಂದ ಮುಂದೆ ಕಾರು ನಿಂತಿರಬಾರದು, ಚೌಕಟ್ಟೂ ಗಟ್ಟಿಮುಟ್ಟಾಗಿರಬೇಕು.

ಅನುಭವಸ್ಥರೂ ಎಡವುವುದು ಇಳಿಜಾರಿನಲ್ಲಿ. ಮಳೆನೀರು ಒಳಗೆ ಬರದಿರಲೆಂದು ಬಾಗಿಲ ಮುಂದಿನ ಕಾಂಕ್ರೀಟನ್ನು ಹೊರಕ್ಕೆ ಇಳಿಜಾರು ಮಾಡಿರುತ್ತಾರೆ. ವಿಮಾನವನ್ನು ಹಿಮ್ಮುಖವಾಗಿ ಒಳಕ್ಕೆ ತಳ್ಳುವಾಗ ಚಕ್ರಗಳು ಇನ್ನೂ ಇಳಿಜಾರಿನಲ್ಲಿದ್ದರೆ ಬಾಲ ಮೇಲಕ್ಕೆದ್ದಿರುತ್ತದೆ. ಹಿಂದಿನ ಚಕ್ರದಿಂದ ಬಾಲಕ್ಕೆ 5 ಮೀಟರ್ ಎಂದುಕೊಳ್ಳಿ. ನೂರಕ್ಕೆ ಮೂರರ ಇಳಿಜಾರಾದರೆ, ಆ ಚಕ್ರ ಹೊಸ್ತಿಲಿಗೆ ಬರುವಷ್ಟರಲ್ಲಿ ಒಳಗಿರುವ ಬಾಲ 15 ಸೆಂಟಿಮೀಟರ್ ಎತ್ತರಕ್ಕೆ ಹೋಯಿತು. ಮುಂಚಕ್ರದ ಸ್ಟ್ರಟ್‌ನಲ್ಲಿ, ಅಂದರೆ ಕುಲುಕು ತಡೆಯುವ ಕಾಲಿನಲ್ಲಿ, ಗಾಳಿ ಕಡಿಮೆಯಾಗಿದ್ದರೆ ಮೂಗು ಕುಸಿದು ಬಾಲ ಇನ್ನಷ್ಟು ಏಳುತ್ತದೆ. ನಿನ್ನೆ ಸಲೀಸಾಗಿ ಒಳಹೋದ ವಿಮಾನ ಇವತ್ತು ತಾಗುವುದು ಹೀಗೆ.

ನೆಲದ ಮೇಲೆ ಮುಂಚಕ್ರಕ್ಕೊಂದು ನೇರ ಹಳದಿ ಗೆರೆ ಎಳೆಯಿರಿ. ಹಿಂದಿನ ಚಕ್ರಗಳು ನಿಲ್ಲಬೇಕಾದಲ್ಲಿ ಮರದ ತುಂಡುಗಳನ್ನು ಬೋಲ್ಟ್ ಹಾಕಿ ಕೂರಿಸಿ. ಕೈಯಲ್ಲಿ ತಳ್ಳುವುದಾದರೆ ರೆಕ್ಕೆಗೆ ಆಸರೆಯಾದ ಓರೆ ಕಂಬವನ್ನು ಹಿಡಿಯಿರಿ; ಅದನ್ನೂ ಸ್ಟ್ರಟ್ ಎನ್ನುತ್ತಾರೆ. ಬಾಲದ ಅಡ್ಡರೆಕ್ಕೆಯನ್ನು ಅದುಮಿ ಮೂಗು ಎತ್ತಬೇಡಿ, ಒಳಗಿನ ತಗಡು ಬಿರಿಯುತ್ತದೆ.

ಬೆಂಕಿಯ ವಿಷಯದಲ್ಲಿ ರಿಯಾಯಿತಿ ಬೇಡವೇ ಬೇಡ. ಗೋಡೆಯಾಚೆ ಮಕ್ಕಳು ಮಲಗಿರುತ್ತಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ನೀರು ಕಾಯಿಸುವ ಗ್ಯಾಸ್ ಹೀಟರಿನ ಜ್ವಾಲೆ ನೆಲದಿಂದ ಕನಿಷ್ಠ 18 ಅಂಗುಲ ಮೇಲಿರಬೇಕು. ಅದನ್ನು ಹ್ಯಾಂಗರಿನಿಂದಲೇ ಆಚೆ ಹಾಕಿದರೆ ಇನ್ನೂ ಒಳ್ಳೆಯದು. ಮನೆಗೂ ಹ್ಯಾಂಗರಿಗೂ ನಡುವಿನ ಗೋಡೆ ಒಂದು ಗಂಟೆ ಬೆಂಕಿ ತಡೆಯುವಂಥದ್ದಾಗಿರಲಿ, ಆ ಗೋಡೆಯಲ್ಲಿನ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಲಿ.

ಖರೀದಿ ಪತ್ರದಲ್ಲಿ ರನ್‌ವೇ ಬಳಸುವ ಹಕ್ಕು ಮನೆಯ ಜೊತೆ ಬರುತ್ತದೆಯೇ ಎಂದು ವಕೀಲರಿಂದ ಓದಿಸಿ.

ಎಂಜಿನ್ ಚಾಲೂ ಮಾಡುವುದು ವಿಮಾನ ಪೂರ್ತಿ ಹೊರಬಂದ ಮೇಲೆ, ಬಾಲ ಯಾರ ಮನೆಯ ಕಡೆಗೂ ಇಲ್ಲದಂತೆ ತಿರುಗಿಸಿಕೊಂಡು. ಎಳೆಯಲು ಮುಂಚಕ್ರಕ್ಕೆ ಸಿಕ್ಕಿಸಿದ ಟೋ ಬಾರ್ ಮರೆತರೆ ಪ್ರೊಪೆಲ್ಲರ್ ಅದಕ್ಕೆ ಬಡಿಯುತ್ತದೆ. ಆಮೇಲೆ ಎಂಜಿನ್ನನ್ನೇ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ. ಪೈಲಟ್ ಸೀಟಿನಿಂದ ಕಾಣುವಂತೆ ಗೋಡೆಗೆ ಒಂದು ಕೆಂಪು ಕೊಕ್ಕೆ ಹೊಡೆಯಿರಿ. ಟೋ ಬಾರ್ ಆ ಕೊಕ್ಕೆಯಲ್ಲಿ ನೇತಾಡುವುದು ಕಣ್ಣಿಗೆ ಬೀಳುವವರೆಗೆ ಕೀಲಿ ತಿರುಗಿಸಬೇಡಿ.