ಮೂಲೆ ಸವೆದ ಕಾರ್ಡುಗಳು

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಕೈಯಲ್ಲಿ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ, ನಿಮಗೆ ಕಾಣುವುದಿಲ್ಲವಲ್ಲ. ಇದೊಂದು ರಟ್ಟಿನ ಕಾರ್ಡು. ಹೆಚ್ಚುಕಡಿಮೆ ಇಸ್ಪೀಟ್ ಎಲೆಯಷ್ಟು ದೊಡ್ಡದು, ಅಡ್ಡಡ್ಡ ಅಚ್ಚು ಹಾಕಿದ್ದು. ಮುಂಭಾಗದಲ್ಲೇ ಒಂದು ಪಕ್ಕ ಟೋಪಿ ಹಾಕಿದ ಆಟಗಾರನ ಬಣ್ಣದ ಮುಖ. ಇನ್ನೊಂದು ಪಕ್ಕ ಅದೇ ಮನುಷ್ಯನ ಕಪ್ಪು ಬಿಳುಪಿನ ಸಣ್ಣ ಚಿತ್ರ. ನಾಲ್ಕು ಮೂಲೆಗಳೂ ಸವೆದು ಗುಂಡಗಾಗಿವೆ. ನಡುವೆ ಕೂದಲೆಳೆಯಂಥ ಒಂದು ಮಡಿಕೆ. ಎರಡು ಅಂಚುಗಳಲ್ಲಿ ಸಣ್ಣ ಕಚ್ಚು ಬಿದ್ದಿದೆ. ಬಹಳ ದಿನ ರಬ್ಬರ್ ಬ್ಯಾಂಡ್ ಹಾಕಿ ಬಿಗಿದಿಟ್ಟ ಗುರುತು ಅದು.

ಇದು 1960ರಲ್ಲಿ ಟಾಪ್ಸ್ ಕಂಪನಿ ಬಬಲ್ ಗಮ್ ಜೊತೆ ಮಾರಿದ ಬೇಸ್‌ಬಾಲ್ ಕಾರ್ಡು. ಆಟಗಾರ ಹಾರ್ವಿ ಹ್ಯಾಡಿಕ್ಸ್. ಇದಕ್ಕೆ ನಾನು ಕೊಟ್ಟದ್ದು 3 ಡಾಲರ್.

ಹ್ಯಾಡಿಕ್ಸ್ ಯಾರು ಅಂತ ಕೇಳಿ. ನಮ್ಮ ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದ ಹಾಗೆ ಬೇಸ್‌ಬಾಲಿನಲ್ಲಿ ಪಿಚರ್. ಒಂದು ಇನಿಂಗ್ಸಿಗೆ ಮೂವರು ಔಟ್, ಒಂಬತ್ತು ಇನಿಂಗ್ಸಿಗೆ 27. ಒಬ್ಬನನ್ನೂ ಬೇಸ್, ಅಂದರೆ ರನ್ನಿಗೆ ಓಡುವಾಗ ಮುಟ್ಟಬೇಕಾದ ಗುರುತು, ಮುಟ್ಟಲು ಬಿಡದೆ 27 ಮಂದಿಯನ್ನೂ ವಾಪಸ್ ಕಳಿಸಿದರೆ ಅದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ಅದು ತುಂಬಾ ಅಪರೂಪ. 1959ರ ಮೇ 26ರಂದು ಮಿಲ್ವಾಕಿಯಲ್ಲಿ, ಮೈ ಹುಷಾರಿಲ್ಲದಿದ್ದರೂ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಈ ಹ್ಯಾಡಿಕ್ಸ್ 27ಕ್ಕೆ ನಿಲ್ಲಲಿಲ್ಲ. ಅವನ ತಂಡವೂ ರನ್ ಮಾಡಿರಲಿಲ್ಲ, ಹಾಗಾಗಿ ಆಟ ಮುಂದುವರಿಯಿತು. ಹನ್ನೆರಡು ಇನಿಂಗ್ಸ್, 36 ಮಂದಿ, ಒಬ್ಬರ ಹಿಂದೆ ಒಬ್ಬರು ಔಟ್. ಹದಿಮೂರನೇ ಇನಿಂಗ್ಸಿನಲ್ಲಿ ಜೊತೆಗಾರನ ಎಸೆತ ತಪ್ಪಿ ಒಬ್ಬ ಬೇಸಿಗೆ ಬಂದ. ಆಮೇಲೆ ಒಂದು ದೊಡ್ಡ ಹೊಡೆತ. 1–0ರಲ್ಲಿ ಹ್ಯಾಡಿಕ್ಸ್ ಸೋತ.

ಅಂಥ ರಾತ್ರಿ ಕಂಡವನ ಕಾರ್ಡು, ಮರುವರ್ಷವೇ ಅಚ್ಚಾದದ್ದು, 3 ಡಾಲರಿಗೆ ಸಿಕ್ಕಿತು. ನಾನಿರುವ ಪಿಟ್ಸ್‌ಬರ್ಗಿನಲ್ಲಿ ಒಂದು ಕಾಫಿಗೂ ಹೆಚ್ಚುಕಡಿಮೆ ಅಷ್ಟಾಗುತ್ತದೆ. ವ್ಯಾಪಾರಿಗಳ ಲೆಕ್ಕದಲ್ಲಿ ಇದು "ಕಾಮನ್", ಅಂದರೆ ದೊಡ್ಡ ಹೆಸರಿಲ್ಲದವರ ಕಾರ್ಡು. ಕಡಿಮೆ ದುಡ್ಡಿನಲ್ಲಿ ಹಳೇ ಕಾರ್ಡು ಕೂಡಿಸುವವರಿಗೆ ಸಿರಿ ಇರುವುದು ಈ ಕಾಮನ್ ಪೆಟ್ಟಿಗೆಯಲ್ಲೇ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಮುಖ್ಯವಾಗಿ ಇದನ್ನೇ.

ಪತ್ರಿಕೆಯಲ್ಲಿ ಬರುವ ಸುದ್ದಿ ಬೇರೆ ಥರ ಇರುತ್ತದೆ. ಅಮೆರಿಕದ ಸಿಗರೇಟ್ ಕಂಪನಿಗಳು 1909ರಿಂದ 1911ರವರೆಗೆ ಪ್ಯಾಕಿನಲ್ಲಿ ಹಾಕಿಕೊಟ್ಟ ಕಾರ್ಡುಗಳಲ್ಲಿ ಹೋನಸ್ ವ್ಯಾಗ್ನರ್ ಅನ್ನುವ ಆಟಗಾರನ ಕಾರ್ಡು ಬಹಳ ಕಮ್ಮಿ ಉಳಿದಿದೆ. 2022ರ ಆಗಸ್ಟಿನಲ್ಲಿ ಅಂಥದ್ದೊಂದು 72.5 ಲಕ್ಷ ಡಾಲರಿಗೆ ಹೋಯಿತು. ಅದೇ ತಿಂಗಳು 1952ರ ಟಾಪ್ಸ್ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ಇದನ್ನೆಲ್ಲ ಓದಿದವರು "ಇದು ಸಾಹುಕಾರರ ಹುಚ್ಚು, ನಮಗಲ್ಲ" ಅಂದುಕೊಂಡು ಸುಮ್ಮನಾಗುತ್ತಾರೆ. ಪಿಟ್ಸ್‌ಬರ್ಗಿಗೆ ಕೆಲಸಕ್ಕೆ ಅಂತ ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ.

ಆಮೇಲೆ ಜೆಫರ್ಸನ್ ಬರ್ಡಿಕ್ ವಿಷಯ ಗೊತ್ತಾಯಿತು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನವರು. ಕಾರ್ಖಾನೆಯಲ್ಲಿ ವಿದ್ಯುತ್ ಉಪಕರಣದ ಬಿಡಿಭಾಗ ಜೋಡಿಸುವ ಕೆಲಸ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಿಂದಲೇ 3 ಲಕ್ಷಕ್ಕೂ ಹೆಚ್ಚು ಕಾರ್ಡು, ಚೀಟಿ, ಅಚ್ಚಿನ ಚಿತ್ರ ಕೂಡಿಸಿದರು. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30 ಸಾವಿರದಷ್ಟು. ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟರು. ಸುಮ್ನೆ ಪೆಟ್ಟಿಗೆಯಲ್ಲಿ ತುಂಬಿ ಕೊಡಲಿಲ್ಲ. ವರ್ಷಗಟ್ಟಲೆ ಅಲ್ಲೇ ಕೂತು ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದರು. ಕೆಲಸ ಮುಗಿಸಿದ್ದು 1963ರಲ್ಲಿ. ಅದೇ ವರ್ಷ ತೀರಿಕೊಂಡರು. ಇವತ್ತು ಕೋಟಿ ಎಣಿಸಿ ವ್ಯಾಗ್ನರ್ ಕೊಳ್ಳುವವರೂ ಆ ಸರಣಿಯನ್ನು ಟಿ-206 ಅಂತಲೇ ಕರೆಯುತ್ತಾರೆ. ಆ ನಂಬರ್ ಕೊಟ್ಟವರು ಈ ಬರ್ಡಿಕ್. ಒಬ್ಬ ಕಾರ್ಖಾನೆ ಕೆಲಸಗಾರ!

ಅದನ್ನು ಓದಿದ ದಿನವೇ ತಿಂಗಳಿಗೆ 25 ಡಾಲರ್ ಅಂತ ಗೊತ್ತು ಮಾಡಿಕೊಂಡೆ. ಚಿಕ್ಕಂದಿನಲ್ಲಿ ಶಿವಮೊಗ್ಗದ ಬೀದಿಯಲ್ಲಿ ಬೆಂಕಿಪೊಟ್ಟಣದ ಚಿತ್ರ ಆರಿಸುತ್ತಿದ್ದ ಕೈ ಇದು, ಸುಮ್ಮನಿರುತ್ತದೆಯೇ?

ಮೊದಲ ವರ್ಷ ಮಾತ್ರ ಕಂಡಕಂಡದ್ದನ್ನೆಲ್ಲ ತಂದೆ. ಒಂದು ಈ ತಂಡದ್ದು, ಇನ್ನೊಂದು ಆ ವರ್ಷದ್ದು. ಡಬ್ಬಿ ತುಂಬಿತು, ಆದರೆ ತೆಗೆದು ನೋಡಬೇಕು ಅನ್ನಿಸಲಿಲ್ಲ. ಸಂಗ್ರಹಕ್ಕೆ ಬೇಲಿ ಬೇಕು. ದುಡ್ಡು ಕಮ್ಮಿ ಇದ್ದಷ್ಟೂ ಬೇಲಿ ಚಿಕ್ಕದಾಗಿರಬೇಕು. ನಾನು ಹಾಕಿಕೊಂಡದ್ದು ಹೀಗೆ: ಒಂದೇ ಊರು, ಒಂದೇ ವರ್ಷ. 1960ರ ಟಾಪ್ಸ್, ಪಿಟ್ಸ್‌ಬರ್ಗ್ ಪೈರೇಟ್ಸ್. ಆ ವರ್ಷದ ಇಡೀ ಸರಣಿಯಲ್ಲಿ 572 ಕಾರ್ಡುಗಳಿವೆ. ಆಗ ಇದ್ದದ್ದು 16 ತಂಡ. ಒಂದು ತಂಡದ ಪಾಲಿಗೆ ಮೂವತ್ತು ಚಿಲ್ಲರೆ ಬರುತ್ತದೆ. ಇದು ಮುಗಿಸಬಹುದಾದ ಕೆಲಸ.

ಅದೇ ವರ್ಷ ಯಾಕೆ ಅಂದರೆ, ಆ ವರ್ಷ ಪೈರೇಟ್ಸ್ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್, ಗೆದ್ದಿದ್ದರು. ಎದುರಿಗಿದ್ದದ್ದು ನ್ಯೂಯಾರ್ಕ್ ಯಾಂಕೀಸ್. ಏಳು ಆಟಗಳಲ್ಲಿ ಯಾಂಕೀಸ್ ಒಟ್ಟು 55 ರನ್ ಮಾಡಿದರು, ಪೈರೇಟ್ಸ್ ಬರೀ 27. ಆದರೂ ನಾಲ್ಕು ಆಟ ಗೆದ್ದವರು ಪೈರೇಟ್ಸ್. ಕೊನೆಯ ಆಟ ಅಕ್ಟೋಬರ್ 13ಕ್ಕೆ. ಒಂಬತ್ತನೇ ಇನಿಂಗ್ಸಿನಲ್ಲಿ ಬಿಲ್ ಮ್ಯಾಜರಾಸ್ಕಿ ಚೆಂಡನ್ನು ಗೋಡೆಯಾಚೆ ಹೊಡೆದ, 10–9. ಆ ದಿನ ಗೆದ್ದ ಪಿಚರ್ ಯಾರು ಗೊತ್ತಾ? ಇದೇ ಹ್ಯಾಡಿಕ್ಸ್.

ಈಗ ಬೆಲೆಯ ವಿಷಯ. ಹಳೇ ಕಾರ್ಡಿನ ಬೆಲೆ ಇರುವುದು ಮೂಲೆಗಳಲ್ಲಿ. ಇಲ್ಲಿ ಕಾರ್ಡುಗಳಿಗೆ 1ರಿಂದ 10ರವರೆಗೆ ಅಂಕ ಕೊಡುವ ಕಂಪನಿಗಳಿವೆ. ಮೂಲೆ ಚೂಪಾಗಿದೆಯೇ, ಚಿತ್ರ ನಟ್ಟನಡುವೆ ಕೂತಿದೆಯೇ, ಮಡಿಕೆ ಇದೆಯೇ ಅಂತ ನೋಡಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ, ಅಂಕದ ಚೀಟಿ ಹಚ್ಚುತ್ತಾರೆ. ಅದೇ ಆಟಗಾರ, ಅದೇ ವರ್ಷ, ಅದೇ ಅಚ್ಚು. ಆದರೂ 8 ಬಂದದ್ದಕ್ಕೂ 2 ಬಂದದ್ದಕ್ಕೂ ಎಷ್ಟೋ ಪಟ್ಟು ವ್ಯತ್ಯಾಸ. ನಾನು ಕೊಳ್ಳುವುದು 1, 2, 3 ಬರುವಂಥದ್ದನ್ನೇ, ಅದೂ ಪೆಟ್ಟಿಗೆ ಇಲ್ಲದ್ದನ್ನು. ಮುಖ ಚೆನ್ನಾಗಿ ಕಾಣಬೇಕು, ಬಣ್ಣ ಉಳಿದಿರಬೇಕು, ಅಷ್ಟೇ. ಹಿಂದೆ ಅಂಟಿನ ಕಲೆ ಇರಲಿ, ಪೆನ್ಸಿಲ್ ಗೀಟು ಇರಲಿ, ಪರವಾಗಿಲ್ಲ.

ಇದು ಬರೀ ಬಡತನದ ಲೆಕ್ಕ ಅಲ್ಲ. ಈ ಕಾರ್ಡುಗಳನ್ನು ಮಾಡಿದ್ದೇ ಮಕ್ಕಳಿಗೆ. ಹುಡುಗರು ಇವನ್ನು ಗೋಡೆಗೆ ಎಸೆದು ಆಡುತ್ತಿದ್ದರು, ಜೇಬಿನಲ್ಲಿಟ್ಟು ಮರೆಯುತ್ತಿದ್ದರು, ಸೈಕಲ್ ಚಕ್ರದ ಕಡ್ಡಿಗೆ ತಾಗುವ ಹಾಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ ಟರ್ರ್ ಅನ್ನಿಸುತ್ತಿದ್ದರು. ಚೂಪು ಮೂಲೆಯ ಕಾರ್ಡಿನ ಜೊತೆ ಯಾರೂ ಆಡಿಲ್ಲ. ನನ್ನ ಹ್ಯಾಡಿಕ್ಸ್ ಕಾರ್ಡಿನ ಕಚ್ಚು ನೋಡಿದಾಗಲೆಲ್ಲ, ಯಾವುದೋ ಮಗು ಮಂಚದ ಮೇಲೆ ಕೂತು ತಂಡದ ಪ್ರಕಾರ ಕಾರ್ಡು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದು ಕಣ್ಣಿಗೆ ಕಟ್ಟುತ್ತದೆ. ನಾನು ಮಾಡುತ್ತಿರುವುದೂ ಅದೇ ಕೆಲಸ ಅಲ್ವಾ?

ಒಂದು ಎಚ್ಚರಿಕೆ ಹೇಳಲೇಬೇಕು, ನನಗೆ ಪೆಟ್ಟು ಬಿದ್ದ ಜಾಗ. ಮ್ಯಾಜರಾಸ್ಕಿ ಕಾರ್ಡನ್ನು ಒಬ್ಬ ವ್ಯಾಪಾರಿಯ ಹತ್ತಿರ ಅಂಚೆಯಲ್ಲಿ ತರಿಸಿದೆ. ಫೋಟೊದಲ್ಲಿ ಮೂಲೆಗಳು ಎಷ್ಟು ಚೂಪು! ಬೆಲೆಯೂ ಜಾಸ್ತಿ ಅನ್ನಿಸಲಿಲ್ಲ. ಕೈಗೆ ಬಂದ ಮೇಲೆ ಅದೇ ವರ್ಷದ ಇನ್ನೊಂದು ಕಾರ್ಡಿನ ಮೇಲೆ ಇಟ್ಟು ನೋಡಿದೆ. ಒಂದು ಅಂಚು ಕೂದಲಷ್ಟು ಗಿಡ್ಡ. ಸವೆದ ಅಂಚನ್ನು ಯಾರೋ ಬ್ಲೇಡಿನಿಂದ ಕತ್ತರಿಸಿ ಹೊಸದರ ಹಾಗೆ ಮಾಡಿದ್ದರು. ತುಂಬಾ ಬೇಜಾರಾಯಿತು. ದುಡ್ಡು ಹೋದದ್ದಕ್ಕಿಂತ, ಆ ಕಾರ್ಡಿಗೆ ಹಾಗೆ ಮಾಡಿದರಲ್ಲ ಅಂತ. ಅವತ್ತಿನಿಂದ ಕಾರ್ಡು ಕೊಳ್ಳಲು ಹೋಗುವಾಗ ಅದೇ ವರ್ಷದ ಒಂದು ಅಗ್ಗದ ಕಾರ್ಡು ಜೇಬಿನಲ್ಲೇ ಇರುತ್ತದೆ. ಪಕ್ಕಪಕ್ಕ ಇಟ್ಟರೆ ಸಾಕು, ಅಳತೆಪಟ್ಟಿ ಬೇಕಿಲ್ಲ. ಜೊತೆಗೆ ಒಂದು ಭೂತಗನ್ನಡಿ ಇರಲಿ. ಹಳೇ ಅಚ್ಚಿನಲ್ಲಿ ಹೆಸರಿನ ಕಪ್ಪು ಅಕ್ಷರಗಳು ಗಟ್ಟಿಯಾಗಿ ತುಂಬಿಕೊಂಡಿರುತ್ತವೆ. ಚಿತ್ರ ತೆಗೆದು ಮತ್ತೆ ಅಚ್ಚು ಹಾಕಿದ ನಕಲಿಯಲ್ಲಿ ಅಕ್ಷರವೂ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ.

ಕೊಳ್ಳುವುದಕ್ಕೆ ನನಗೆ ಇಷ್ಟವಾದ ಜಾಗ ಊರಿನ ಕಾರ್ಡ್ ಸಂತೆ. ಇಲ್ಲಿ ಚರ್ಚಿನ ಸಭಾಂಗಣದಲ್ಲೋ ಅಗ್ನಿಶಾಮಕ ಠಾಣೆಯ ಹಾಲಿನಲ್ಲೋ ಭಾನುವಾರ ಮೇಜು ಹಾಕಿ ಕೂರುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿರುವುದನ್ನು ನೋಡಿ ಖುಷಿಪಡಿ, ಕೊಳ್ಳಬೇಡಿ. ಮೇಜಿನ ತುದಿಯಲ್ಲೋ ಕೆಳಗೋ ಉದ್ದನೆಯ ರಟ್ಟಿನ ಡಬ್ಬಿ ಇರುತ್ತದೆ. ಅಲ್ಲಿ ಕೂತು ಒಂದೊಂದೇ ತಿರುವಿ. ಮಧ್ಯಾಹ್ನ ಸಾಮಾನು ಕಟ್ಟುವ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಐದಾರು ಒಟ್ಟಿಗೆ ತೆಗೆದುಕೊಳ್ಳುತ್ತೇನೆ ಅಂತ ಚೌಕಾಸಿ ಮಾಡಿದರೆ ಬಹಳ ಜನ ಒಪ್ಪುತ್ತಾರೆ.

ಒಂದು ಸೂಕ್ಷ್ಮ ಇದೆ. ಆಗ ಟಾಪ್ಸ್ ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ಬಿಡುತ್ತಿರಲಿಲ್ಲ. ಬೇಸಿಗೆ ಉದ್ದಕ್ಕೂ ಕಂತುಕಂತಾಗಿ ಬರುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮಕ್ಕಳ ಮನಸ್ಸು ಫುಟ್‌ಬಾಲಿಗೆ ತಿರುಗಿರುತ್ತಿತ್ತು, ಅಂಗಡಿಯವರು ಕಮ್ಮಿ ತರಿಸುತ್ತಿದ್ದರು. ಹಾಗಾಗಿ ಕೊನೆಯ ನಂಬರುಗಳು ವಿರಳ. 1960ರಲ್ಲಿ 507ರಿಂದ ಮುಂದಿನದ್ದು ಅಂಥವು. 1952ರ ಕೊನೆಯ ಕಂತಂತೂ ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿತ್ತು. 1960ರಲ್ಲಿ ಅದನ್ನು ದೋಣಿಯಲ್ಲಿ ಹೇರಿಕೊಂಡು ಹೋಗಿ ಅಟ್ಲಾಂಟಿಕ್ ಸಾಗರಕ್ಕೆ ಸುರಿದೆವು ಅಂತ ಕಂಪನಿಯ ಸೈ ಬರ್ಗರ್ ಅವರೇ ಮುಂದೆ ಹೇಳಿಕೊಂಡರು. ಕೋಟಿಗಟ್ಟಲೆಗೆ ಹೋದ ಆ ಮ್ಯಾಂಟಲ್ ಕಾರ್ಡು ಇದ್ದದ್ದು ಅದೇ ಕಂತಿನಲ್ಲಿ.

ದೊಡ್ಡ ಹೆಸರುಗಳನ್ನು ಬಿಟ್ಟೇಬಿಡಬೇಕು ಅಂತ ನಾನು ಹೇಳುವುದಿಲ್ಲ. ಪೈರೇಟ್ಸ್ ಅಂದಮೇಲೆ ರೊಬೆರ್ಟೊ ಕ್ಲೆಮೆಂಟೆ ಇಲ್ಲದೆ ಹೇಗೆ? ಪೋರ್ಟೊರಿಕೊದಿಂದ ಬಂದವರು. ಬೇಸಿಗೆ ತಲುಪಿಸುವ ಹೊಡೆತ, ಅಂದರೆ ಹಿಟ್, ಸರಿಯಾಗಿ 3,000 ಹೊಡೆದರು. 1972ರ ಡಿಸೆಂಬರ್ 31ರ ರಾತ್ರಿ, ನಿಕರಾಗುವಾದ ಭೂಕಂಪದ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದಾಗ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಅವರ ಕಾರ್ಡಿಗಾಗಿ ಎರಡು ತಿಂಗಳು ಬೇರೇನನ್ನೂ ಕೊಳ್ಳದೆ ದುಡ್ಡು ಕೂಡಿಟ್ಟೆ. ಸಿಕ್ಕಿದ ಕಾರ್ಡಿನಲ್ಲಿ ಎರಡು ಮಡಿಕೆ, ಮೇಲೊಂದು ಪಿನ್ನಿನ ತೂತು. ಯಾರದೋ ಕೋಣೆಯ ಗೋಡೆಯ ಮೇಲೆ ಇದ್ದದ್ದು. ಕಾರ್ಡಿನಲ್ಲಿ ಹೆಸರು "ಬಾಬ್ ಕ್ಲೆಮೆಂಟೆ" ಅಂತ ಅಚ್ಚಾಗಿದೆ. ಅವರಿಗೆ ಆ ಹೆಸರು ಇಷ್ಟವಿರಲಿಲ್ಲ. ನನ್ನ ಹೆಸರು ರೊಬೆರ್ಟೊ ಅನ್ನುತ್ತಿದ್ದರು. ಪರದೇಶದಲ್ಲಿ ಹೆಸರು ಮೊಟಕಾಗುವುದು ನಮ್ಮಂಥವರಿಗೂ ಗೊತ್ತಿರುವ ಸಂಗತಿ. ಆ ಕಾರ್ಡು ಕೈಗೆತ್ತಿಕೊಂಡಾಗ ಪೂರ್ತಿ ಹೆಸರನ್ನೇ ಒಮ್ಮೆ ಹೇಳುತ್ತೇನೆ.

ಜೋಪಾನ ಮಾಡುವುದು ಕಷ್ಟ ಇಲ್ಲ. ಮೊದಲು ತೆಳು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಕವಚ. ಬಿಸಿಲಿಗೂ ತೇವಕ್ಕೂ ಇಡಬೇಡಿ. ನೆಲಮಾಳಿಗೆ ಬೇಡವೇ ಬೇಡ.

ಆ 1960ರ ಕೊನೆಯ ಆಟ ನಡೆದ ಫೋರ್ಬ್ಸ್ ಫೀಲ್ಡ್ ಈಗಿಲ್ಲ. ಅಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕಟ್ಟಡಗಳು ಬಂದಿವೆ. ಆದರೆ ಮೈದಾನದ ಇಟ್ಟಿಗೆ ಗೋಡೆಯ ಒಂದು ಭಾಗ ಹಾಗೇ ನಿಂತಿದೆ. ಪ್ರತಿ ಅಕ್ಟೋಬರ್ 13ಕ್ಕೆ ಜನ ಅಲ್ಲಿ ಸೇರುತ್ತಾರೆ, ಅವತ್ತಿನ ರೇಡಿಯೊ ವೀಕ್ಷಕ ವಿವರಣೆಯ ಧ್ವನಿಮುದ್ರಣ ಕೇಳುತ್ತಾರೆ. ಹೌದು, ರೇಡಿಯೊ. ಫಲಿತಾಂಶ ಎಲ್ಲರಿಗೂ ಗೊತ್ತು, ಆದರೂ ಯಾರೂ ಎದ್ದು ಹೋಗುವುದಿಲ್ಲ.

ಒಂದು ವರ್ಷ ನಾನು ಹ್ಯಾಡಿಕ್ಸ್ ಕಾರ್ಡನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಪಕ್ಕದ ಮಡಿಸುವ ಕುರ್ಚಿಯಲ್ಲಿ ಕೂತಿದ್ದ ಅಜ್ಜ ಒಬ್ಬರು ನೋಡಿ ಕೈ ಚಾಚಿದರು. ಕವಚದಿಂದ ತೆಗೆದು ಕೊಟ್ಟೆ. ಕನ್ನಡಕ ಏರಿಸಿ ನೋಡಿದರು, ತಿರುಗಿಸಿ ನೋಡಿದರು, ಹೆಬ್ಬೆರಳಿನಿಂದ ಅಂಚಿನ ಕಚ್ಚನ್ನು ಮೆಲ್ಲಗೆ ಸವರಿದರು. "ನಾನೂ ಹೀಗೇ ಕಟ್ಟಿ ಇಡುತ್ತಿದ್ದೆ" ಅಂದರು. ಕಾರ್ಡು ಇನ್ನೂ ಅವರ ಕೈಯಲ್ಲೇ ಇತ್ತು. ಅಷ್ಟರಲ್ಲಿ ಒಂಬತ್ತನೇ ಇನಿಂಗ್ಸ್ ಶುರುವಾಯಿತು, ಇಬ್ಬರೂ ಧ್ವನಿ ಬರುತ್ತಿದ್ದ ಕಡೆಗೆ ತಿರುಗಿ ಕೂತೆವು.

ನಮಸ್ಕಾರ.