ಸಿಯಾಟಲ್‌ನ ಆಮೆಗಳು, ನಮ್ಮ ಹಸಿರು ಶಾಲುಗಳು

ಸ್ನೇಹಿತರೇ, ನಮ್ಮಮ್ಮ ಅವರೆ ಬೀಜಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿ, ಮಡಕೆಗೆ ತುಂಬಿ, ಮೇಲೆ ಬೇವಿನಸೊಪ್ಪು ಹಾಕಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟುತ್ತಿದ್ದಳು. ಎಂಥ ಬರ ಬಂದರೂ ಆ ಮಡಕೆಗೆ ಕೈ ಹಾಕುವಂತಿರಲಿಲ್ಲ. ಪಕ್ಕದ ಮನೆಯವರು ಕೇಳಿದರೆ ಮಾತ್ರ ಸೇರಿನಲ್ಲಿ ಅಳೆದು ಕೊಡುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಅಷ್ಟು ಬೀಜ ವಾಪಸ್ ಬರುತ್ತಿತ್ತು.

1991ರ ಡಿಸೆಂಬರಿನಲ್ಲಿ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ನಿಯಮ ಹಾಕುತ್ತಿದ್ದ ಗ್ಯಾಟ್‌ನ ಮುಖ್ಯಸ್ಥ ಆರ್ಥರ್ ಡಂಕೆಲ್ ಹೊಸ ಒಪ್ಪಂದದ ಕರಡೊಂದನ್ನು ಮುಂದಿಟ್ಟರು. ಸಸ್ಯ ತಳಿಗಳಿಗೂ ಪೇಟೆಂಟ್ ಇಲ್ಲವೇ ಅಂಥದೇ ಬೇರೊಂದು ಒಡೆತನದ ಹಕ್ಕು ಕೊಡಬೇಕು ಎಂಬ ಷರತ್ತು ಅದರಲ್ಲಿತ್ತು. ಜಿನೀವಾದ ಆ ಕಾಗದ ನಮ್ಮ ಬೀಜದ ಮಡಕೆಯ ತನಕ ಬರುತ್ತದೆ ಎಂದು ಹಳ್ಳಿಯವರಿಗೆ ಬಿಡಿಸಿ ಹೇಳಿದವರು ರೈತ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ. 1992ರ ಡಿಸೆಂಬರ್ 29ರಂದು ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ, ಕಡತಗಳನ್ನು ಹೊರಗೆಸೆದು ಸುಟ್ಟರು.

ರೈತರೆಲ್ಲ ಒಂದೇ ಕಡೆ ಇದ್ದರು ಅಂದುಕೊಳ್ಳಬೇಡಿ. ಮಹಾರಾಷ್ಟ್ರದ ಶೇತ್ಕರಿ ಸಂಘಟನೆಯ ಶರದ್ ಜೋಶಿ ಅದೇ ಕರಡನ್ನು ಬೆಂಬಲಿಸಿದರು. ಸರ್ಕಾರದ ನಿರ್ಬಂಧಗಳೇ ರೈತನಿಗೆ ಸರಿಯಾದ ಬೆಲೆ ಸಿಗದಂತೆ ಮಾಡಿವೆ ಎಂಬುದು ಅವರ ವಾದ. ಆ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ.

ಈಗ ಅಮೆರಿಕದ ಸಿಯಾಟಲ್‌ಗೆ ಬನ್ನಿ. 1999ರ ನವೆಂಬರ್ 30, ಗ್ಯಾಟ್‌ನ ಜಾಗಕ್ಕೆ ಬಂದ ವಿಶ್ವ ವ್ಯಾಪಾರ ಸಂಘಟನೆಯ ಸಭೆ. ಅದನ್ನು ವಿರೋಧಿಸಿ ಬೀದಿಗಿಳಿದ ಉಕ್ಕಿನ ಕಾರ್ಮಿಕರ ಜೊತೆ ಕಡಲಾಮೆಯ ವೇಷ ತೊಟ್ಟ ಪರಿಸರದವರೂ ಇದ್ದರು. ಸೀಗಡಿ ಬಲೆಗೆ ಆಮೆಗಳು ಸಿಕ್ಕಿ ಸಾಯುತ್ತವೆ. ಆಮೆ ಹೊರಬೀಳುವ ಸಾಧನ ಬಲೆಗೆ ಕಟ್ಟದ ದೇಶಗಳ ಸೀಗಡಿ ಬೇಡ ಎಂದಿತ್ತು ಅಮೆರಿಕದ ಕಾನೂನು. ಅದನ್ನು ಜಾರಿ ಮಾಡಿದ ರೀತಿ ತಪ್ಪೆಂದು 1998ರಲ್ಲಿ ಆ ಸಂಘಟನೆ ತೀರ್ಪು ಕೊಟ್ಟಿತು. ದೂರು ಕೊಟ್ಟ ನಾಲ್ಕು ದೇಶಗಳಲ್ಲಿ ಭಾರತವೂ ಒಂದು! ಕಾರ್ಮಿಕರದು ಇನ್ನೊಂದು ಬೇಡಿಕೆ: ವ್ಯಾಪಾರದ ನಿಯಮದಲ್ಲೇ ಕಾರ್ಮಿಕ ಹಕ್ಕುಗಳನ್ನು ಸೇರಿಸಿ. ನಮ್ಮ ಸರ್ಕಾರ ಅದನ್ನೂ ವಿರೋಧಿಸಿತ್ತು, ನಮ್ಮ ಸರಕನ್ನು ತಡೆಯುವ ಹೊಸ ಬೇಲಿ ಅದು ಎಂದು.

ಅಂದಮೇಲೆ ಇವರೆಲ್ಲ ಕೇಳಿದ್ದು ಒಂದೇ ಅಲ್ಲ; ಒಬ್ಬರು ಕೇಳಿದ್ದು ಇನ್ನೊಬ್ಬರ ಹೊಟ್ಟೆಗೆ ಹೊಡೆಯಲೂಬಹುದು. ಆದರೂ ಬೀದಿಗೆ ಬಂದದ್ದೇಕೆ? ನನಗೆ ಕಾಣುವ ಕಾರಣ ಇದು: ತಮ್ಮ ಬದುಕಿನ ತೀರ್ಮಾನ ಎಲ್ಲೋ ಆಗುತ್ತಿದೆ, ಅಲ್ಲಿ ತಮ್ಮನ್ನು ಕೇಳುವವರಿಲ್ಲ. ನಮ್ಮಲ್ಲೇ ನೋಡಿ. ಸರ್ಕಾರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ನಿಯಮವಿಲ್ಲ. ಪಂಚಾಯಿತಿ ಚರಂಡಿ ತೋಡಿಸಿದರೆ ಅಧ್ಯಕ್ಷರನ್ನು ನಿಲ್ಲಿಸಿ ಕೇಳುತ್ತೇವೆ. 1994ರ ಏಪ್ರಿಲ್‌ನಲ್ಲಿ ಮೊರಾಕ್ಕೊದ ಮರ್ರಾಕೇಶಿನಲ್ಲಿ ಆ ವ್ಯಾಪಾರ ಒಪ್ಪಂದಕ್ಕೆ ಬಿದ್ದ ಸಹಿಯನ್ನು ಯಾರ ಮನೆ ಬಾಗಿಲಿಗೆ ಹೋಗಿ ಕೇಳಬೇಕಿತ್ತು?

ಆ ವರ್ಷಗಳ ಕೂಗು ಸುಮ್ಮನೆ ಹೋಗಲಿಲ್ಲ. ತಳಿಗಳ ಒಡೆತನಕ್ಕೆಂದು 2001ರಲ್ಲಿ ಬಂದ ನಮ್ಮ ಕಾಯಿದೆಯ ಹೆಸರಿನಲ್ಲೇ ರೈತರ ಹಕ್ಕು ಸೇರಿದೆ. ಅದರ 39ನೇ ಸೆಕ್ಷನ್ ಪ್ರಕಾರ ರೈತ ತನ್ನ ಹೊಲದ ಬೀಜವನ್ನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಕೊಟ್ಟು ತೆಗೆದುಕೊಳ್ಳಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ಅಮ್ಮ ಅಳೆದು ಕೊಡುತ್ತಿದ್ದ ಬೀಜಕ್ಕೆ ಅವರೆ ಎಂಬುದು ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ.