ನಾಲ್ಕು ದಿನಗಳ ರಸ್ಟ್ ತರಬೇತಿ: ಮೂರನೆಯ ದಿನ ನಡೆದದ್ದು

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವುದು ಬೆಂಗಳೂರಿನ ನಮ್ಮ ಕಚೇರಿಯ ಸಭಾ ಕೊಠಡಿ. ಎಂಟು ವರ್ಷಗಳಿಂದ ಜಾವಾದಲ್ಲಿ ಕೋಡ್ ಬರೆಯುತ್ತ ಬಂದಿರುವ ನಾನು, ಹನ್ನೊಂದು ಮಂದಿ ಸಹೋದ್ಯೋಗಿಗಳೊಂದಿಗೆ ಕಳೆದ ತಿಂಗಳು ಇಲ್ಲಿಯೇ ನಾಲ್ಕು ದಿನ ಕುಳಿತು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿತೆ.

ನಾವು ಅನುಸರಿಸಿದ ಪಠ್ಯ ಗೂಗಲ್‌ನ ಆಂಡ್ರಾಯ್ಡ್ ತಂಡವು ರೂಪಿಸಿ, ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿರುವ ಕಾಂಪ್ರಿಹೆನ್ಸಿವ್ ರಸ್ಟ್. ಪ್ರೋಗ್ರಾಮಿಂಗ್ ಬಲ್ಲವರಿಗೆಂದೇ ಸಿದ್ಧವಾದದ್ದರಿಂದ ಅದು ಲೂಪ್ ಎಂದರೇನು ಎಂದು ವಿವರಿಸುತ್ತ ಕೂರುವುದಿಲ್ಲ. ಆ ತಂಡಕ್ಕೆ ಇಂತಹ ತರಬೇತಿ ಏಕೆ ಬೇಕಾಯಿತು ಎಂಬುದಕ್ಕೂ ಸ್ಪಷ್ಟ ಕಾರಣವಿದೆ. 2019ರಲ್ಲಿ ಆಂಡ್ರಾಯ್ಡ್‌ನ ಭದ್ರತಾ ಲೋಪಗಳ ಪೈಕಿ ಶೇ 76ರಷ್ಟು ಮೆಮೊರಿಯನ್ನು ತಪ್ಪಾಗಿ ಬಳಸಿದ್ದರಿಂದ ಉಂಟಾದವು. ಹೊಸ ಕೋಡನ್ನು ರಸ್ಟ್‌ನಂತಹ ಸುರಕ್ಷಿತ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ ಆ ಪಾಲು 2024ರಲ್ಲಿ ಶೇ 24ಕ್ಕೆ ಇಳಿಯಿತು.

ಮೊದಲ ಎರಡು ದಿನ ಸರಾಗವಾಗಿ ಕಳೆದವು. ಟೈಪ್‌ಗಳು, ಪ್ಯಾಟರ್ನ್ ಮ್ಯಾಚಿಂಗ್, ಟ್ರೇಟ್‌ಗಳು ಎಂಬ ಭಾಷೆಯ ಮೂಲ ಪರಿಕಲ್ಪನೆಗಳು ಹೊಸ ವೇಷದಲ್ಲಿ ಬಂದ ಹಳೆಯ ಪರಿಚಿತರಂತೆಯೇ ಇದ್ದವು. ಒಂದು ಸಂಗತಿ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ ರಸ್ಟ್ 15 ಎನ್ನುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಒತ್ತಕ್ಷರದೊಳಗೆ ಅಡಗಿರುವ ಹಲಂತ ಚಿಹ್ನೆಯೂ ಸೇರಿ ಯೂನಿಕೋಡ್ ಸಂಕೇತಗಳು ಐದು, ಒಂದೊಂದಕ್ಕೂ ಮೂರು ಬೈಟ್. ಜಾವಾ ಇದೇ ಪದಕ್ಕೆ ಐದು ಎನ್ನುತ್ತಿತ್ತು. ಇಷ್ಟು ವರ್ಷ ಆ ಐದು ಎಲ್ಲಿಂದ ಬಂತೆಂದು ನಾನು ಕೇಳಿಕೊಂಡಿರಲಿಲ್ಲ.

ಮೂರನೆಯ ದಿನ ಓನರ್‌ಶಿಪ್ ಬಂತು, ಅಂದರೆ ಪ್ರತಿ ಮೌಲ್ಯಕ್ಕೂ ಒಂದು ಹೊತ್ತಿಗೆ ಒಬ್ಬನೇ ಒಡೆಯ ಎಂಬ ನಿಯಮ. ಒಂದು ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ಒಂದು ವೇರಿಯೆಬಲ್‌ನಿಂದ ಇನ್ನೊಂದಕ್ಕೆ ಕೊಟ್ಟ ಮೇಲೆ ಮೊದಲಿನದನ್ನು ಬಳಸುವಂತಿಲ್ಲ. ನಿವೇಶನವನ್ನು ಮಾರಿ, ನೋಂದಣಿ ಮಾಡಿಕೊಟ್ಟು, ಖಾತೆಯೂ ಬದಲಾದ ಮೇಲೆ ಹಳೆಯ ಮಾಲೀಕರು ಅದನ್ನೇ ಅಡವಿಟ್ಟು ಸಾಲ ಕೇಳಲು ಹೇಗೆ ಬರುವುದಿಲ್ಲವೋ ಹಾಗೆ. ನಿಯಮ ಅರ್ಥವಾಗಲು ಹತ್ತು ನಿಮಿಷ ಸಾಕು. ಆದರೆ ಬಳಕೆ ಮುಗಿದ ಮೆಮೊರಿಯನ್ನು ಜಾವಾದಲ್ಲಿ ತಾನಾಗಿಯೇ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಹಿಂದೆ ನಿಂತು ಎಲ್ಲವನ್ನೂ ಗುಡಿಸುತ್ತದೆ ಎಂಬ ನಂಬಿಕೆಯಲ್ಲಿ ಎಂಟು ವರ್ಷ ಪಳಗಿದ ಕೈ ಅದನ್ನು ಅಷ್ಟು ಬೇಗ ಒಪ್ಪುವುದಿಲ್ಲ.

ಅಂದು ಅರವತ್ತು ಸಾಲಿನ ಅಭ್ಯಾಸವೊಂದರಲ್ಲಿ, ಕೋಡನ್ನು ಪರಿಶೀಲಿಸಿ ಯಂತ್ರಭಾಷೆಗೆ ಬದಲಿಸುವ ಕಂಪೈಲರ್ ಆಕ್ಷೇಪಿಸಿದಲ್ಲೆಲ್ಲ ನಾನು ಕ್ಲೋನ್ ಸೇರಿಸುತ್ತ ಹೋದೆ. ಕ್ಲೋನ್ ಎಂದರೆ ದತ್ತಾಂಶದ ಇನ್ನೊಂದು ಪ್ರತಿ ಮಾಡಿಕೊಳ್ಳುವುದು. ಆಕ್ಷೇಪಣೆ ನಿಲ್ಲುತ್ತದೆ, ಪ್ರೋಗ್ರಾಮ್ ಓಡುತ್ತದೆ. ತರಬೇತಿ ಕೊಡುತ್ತಿದ್ದ ಮೇಡಂ ನನ್ನ ಪಕ್ಕ ಕುಳಿತು ಏಳು ಕ್ಲೋನ್‌ಗಳನ್ನು ಎಣಿಸಿ, “ಕೆಂಪು ಅಕ್ಷರ ಕಂಡ ಕೂಡಲೇ ಕೋಡಿಗೆ ಕೈ ಹಾಕಬೇಡಿ. ಅದೇನು ಹೇಳುತ್ತಿದೆ ಎಂದು ಮೊದಲು ಪೂರ್ತಿ ಓದಿ” ಎಂದರು. ಓದಿದೆ. ಇ0382 ಎಂಬ ಆ ದೋಷದ ಸಂದೇಶವು ಮೌಲ್ಯ ಎಲ್ಲಿ ಹುಟ್ಟಿತು, ಯಾವ ಸಾಲಿನಲ್ಲಿ ಕೈ ಬದಲಾಯಿಸಿತು, ಆಮೇಲೂ ನಾನು ಅದನ್ನು ಎಲ್ಲಿ ಬಳಸಲು ಹೋದೆ ಎಂಬ ಮೂರನ್ನೂ ಗೆರೆ ಎಳೆದು ತೋರಿಸುತ್ತಿತ್ತು. ಸಂಜೆಯ ಹೊತ್ತಿಗೆ ಏಳರಲ್ಲಿ ಐದು ಕ್ಲೋನ್‌ಗಳು ಹೋಗಿ, ಆ ಜಾಗದಲ್ಲಿ ಪ್ರತಿ ಮಾಡದೆ ಮೂಲವನ್ನೇ ಎರವಲು ಪಡೆಯುವ ರೆಫರೆನ್ಸ್‌ಗಳು ಬಂದವು: ಓದಲು ಎಷ್ಟು ಮಂದಿಯಾದರೂ ಎರವಲು ಪಡೆಯಬಹುದು, ಬದಲಾಯಿಸುವವರು ಮಾತ್ರ ಒಂದು ಹೊತ್ತಿಗೆ ಒಬ್ಬರೇ.

ಹೀಗಾಗಿ ಇಂತಹ ತರಬೇತಿ ಏರ್ಪಡಿಸುವವರಲ್ಲಿ ನನ್ನದೊಂದು ಕಳಕಳಿಯ ವಿನಂತಿ. ಅನುಭವಿಗಳಿಗೆ ಸಿಂಟ್ಯಾಕ್ಸ್, ಅಂದರೆ ಭಾಷೆಯ ಬರವಣಿಗೆಯ ನಿಯಮಗಳನ್ನು ಕಲಿಸಲು ಎರಡು ದಿನ ಬೇಕಿಲ್ಲ, ಅದನ್ನು ಮನೆಯಲ್ಲಿ ಓದಿಕೊಂಡು ಬರಲು ಹೇಳಬಹುದು. ಓನರ್‌ಶಿಪ್ ಮತ್ತು ಎರವಲು ಎಷ್ಟು ಹೊತ್ತು ಸಲ್ಲುತ್ತದೆ ಎಂದು ಹೇಳುವ ಲೈಫ್‌ಟೈಮ್‌ಗಳನ್ನು ಒಂದೇ ದಿನಕ್ಕೆ ತುರುಕದೆ, ಕಲಿಯುವವರು ತಪ್ಪು ಮಾಡಿ, ಸಂದೇಶ ಓದಿ, ತಾವೇ ತಿದ್ದಿಕೊಳ್ಳಲು ಆ ಉಳಿದ ಸಮಯವನ್ನು ಕೊಡಿ. ಪಕ್ಕದಲ್ಲಿ ಒಬ್ಬ ಬಲ್ಲವರು ಕುಳಿತಿರುವಾಗ ಮಾಡುವ ತಪ್ಪಿನಿಂದ ಸಿಗುವಷ್ಟು ಕಲಿಕೆ ನನಗೆ ಒಂದು ಸ್ಲೈಡಿನಿಂದಲೂ ಸಿಗಲಿಲ್ಲ.

ನಾಲ್ಕನೆಯ ದಿನ ಟೆಸ್ಟಿಂಗ್ ಮತ್ತು ದೋಷ ನಿರ್ವಹಣೆ ಮುಗಿಯಿತು. ಒಂದು ಕೆಲಸ ಮುಗಿಯುವವರೆಗೆ ಕಾಯದೆ ಇನ್ನೊಂದನ್ನು ಮುಂದುವರಿಸುವ ಅಸಿಂಕ್ರೊನಸ್ ಕೋಡ್ ಉಳಿದುಕೊಂಡಿದೆ. ಈಗ ನೀವು ನೋಡುತ್ತಿರುವುದು ಲಾಗ್ ಫೈಲುಗಳನ್ನು ಜಾಲಾಡಲು ನಾನು ಬರೆಯುತ್ತಿರುವ ಪುಟ್ಟ ಸಾಧನ. ಇದರಲ್ಲಿ ಇನ್ನೂ ಎರಡು ಕ್ಲೋನ್‌ಗಳಿವೆ; ಒಂದು ನಿಜಕ್ಕೂ ಬೇಕು, ಇನ್ನೊಂದನ್ನು ಇವತ್ತು ರಾತ್ರಿ ತೆಗೆಯುತ್ತೇನೆ.